ಬೇಸಿಗೆಯ ಗುಡ್ಡವೂ ಬೆವರಿನ ಲೆಕ್ಕವೂ

ಹಾನಗಲ್ಲಿನಿಂದ ಶಿಗ್ಗಾಂವಿಯ ಮೇಲೆ ಸವಣೂರಿನ ಕಡೆಗೆ ಪಯಣ ಮಾಡಿದವರು ನೆಲದ ಸ್ವರೂಪವು ಬದಲಾಗುತ್ತ ಹೋಗುವುದನ್ನು ಕಂಡಿರಬಹುದು. ಹಾನಗಲ್ಲಿನ ಸುತ್ತ ಕೆರೆಗಳು, ಭತ್ತದ ಗದ್ದೆಗಳು. ಮುಂದೆ ಹೋದಂತೆ ಹಸಿರು ತೆಳುವಾಗಿ, ಸವಣೂರಿನ ಕಡೆ ಎರೆಯ ಹೊಲಗಳು ಹರಡಿಕೊಳ್ಳುತ್ತವೆ. ದಕ್ಷಿಣದ ಹಿರೇಕೆರೂರಿನ ಸೀಮೆಯಲ್ಲಿ ಗುಡ್ಡಗಳ ನಡುವೆ ಹರಿಯುವ ಕುಮುದ್ವತಿಗೆ ವಿಜಯನಗರದ ಕಾಲದಲ್ಲಿ ಒಡ್ಡು ಹಾಕಿ ಮದಗದ ಕೆರೆಯನ್ನು ಕಟ್ಟಿದರು. ಮುಂಗಾರಿನ ಮೋಡಗಳು ಸಹ್ಯಾದ್ರಿಯಲ್ಲಿ ತಮ್ಮ ಭಾರವನ್ನು ಇಳಿಸಿ, ಪೂರ್ವಕ್ಕೆ ಬರುತ್ತ ಬರಿದಾಗುವುದೇ ಈ ವ್ಯತ್ಯಾಸಕ್ಕೆ ಕಾರಣ.

ಸವಣೂರಿನಿಂದ ಇನ್ನೂ ಪೂರ್ವಕ್ಕೆ, ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡದ ಸಾಲು ಇದೆ. ಧಾರವಾಡ ಶಿಲಾವರ್ಗಕ್ಕೆ ಸೇರಿದ ಇಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಕಬ್ಬಿಣದ ಅಂಶದಿಂದ ಕೆಂಪಾದ ಕಲ್ಲು, ಕುರುಚಲು ಕಾಡು, ಒಣಹುಲ್ಲು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಬೇಸಿಗೆಯ ರಜೆಯಲ್ಲಿ ಇಂಥ ಗುಡ್ಡವನ್ನು ಏರಿ ಸಂಜೆಯೊಳಗೆ ಮರಳಬೇಕೆಂದು ನಾಲ್ವರು ವಿದ್ಯಾರ್ಥಿಗಳು ನಿಶ್ಚಯಿಸಿದರೆಂದು ಭಾವಿಸೋಣ. ಒಬ್ಬೊಬ್ಬನ ಚೀಲದಲ್ಲಿಯೂ ಒಂದು ಲೀಟರಿನ ನೀರಿನ ಬಾಟಲಿ ಇದೆ. ಅಷ್ಟು ನೀರು ಸಾಕೇ? ಈ ಪ್ರಶ್ನೆಗೆ ಊಹೆಯಿಂದಲ್ಲ, ಲೆಕ್ಕದಿಂದಲೇ ಉತ್ತರ ಹುಡುಕೋಣ.

ದೇಹವೆಂಬ ಯಂತ್ರ

60 ಕಿಲೋಗ್ರಾಂ ತೂಕದ ಹುಡುಗನೊಬ್ಬನು ಬಯಲಿನಿಂದ 300 ಮೀಟರ್ ಎತ್ತರಕ್ಕೆ ಏರುತ್ತಾನೆ. ತನ್ನ ತೂಕವನ್ನು ಅಷ್ಟೆತ್ತರಕ್ಕೆ ಎತ್ತಲು ಅವನು ಮಾಡುವ ಕೆಲಸ ಸುಮಾರು 42 ಕಿಲೋಕ್ಯಾಲರಿಗಳಿಗೆ ಸಮ. ಆದರೆ ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ; ಉಳಿದ ನಾಲ್ಕು ಪಾಲು ಶಾಖವಾಗುತ್ತದೆ. ಆದುದರಿಂದ ಅವನು ಖರ್ಚು ಮಾಡುವ ಒಟ್ಟು ಶಕ್ತಿ 210 ಕಿಲೋಕ್ಯಾಲರಿ. ಅದರಲ್ಲಿ ದೇಹದೊಳಗೆ ಹುಟ್ಟುವ ಶಾಖ 168 ಕಿಲೋಕ್ಯಾಲರಿ.

ಈ ಶಾಖವೆಲ್ಲ ಒಳಗೇ ಉಳಿದರೆ ಏನಾದೀತು? 60 ಕಿಲೋಗ್ರಾಂ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಏರಿಸಲು ಸುಮಾರು 50 ಕಿಲೋಕ್ಯಾಲರಿ ಸಾಕು. ಅಂದರೆ ಗುಡ್ಡದ ತುದಿ ಮುಟ್ಟುವಷ್ಟರಲ್ಲಿ ಅವನ ಮೈ 37 ಡಿಗ್ರಿಯಿಂದ 40 ಡಿಗ್ರಿಯ ಆಚೆಗೆ ಹೋಗುತ್ತದೆ. ಅದು ಮಿದುಳಿಗೆ ಅಪಾಯ ತರುವ ಉಷ್ಣತೆ. ಬಿಸಿಲು ಮೈಗೆ ಸುರಿಯುವ ಶಾಖವನ್ನು ನಾವಿನ್ನೂ ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ!

ಕಾಯುವುದು ಬೆವರು

ಸುತ್ತಲಿನ ಗಾಳಿ ತಂಪಾಗಿದ್ದಾಗ ಚರ್ಮದಿಂದ ಶಾಖ ತಾನಾಗಿಯೇ ಗಾಳಿಗೆ ಹರಿದುಹೋಗುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಬೇಸಿಗೆಯ ನಡುಹಗಲಿನಲ್ಲಿ ಗಾಳಿಯ ಉಷ್ಣತೆ ಇದನ್ನು ಮೀರಿದಾಗ ಶಾಖದ ಹರಿವು ತಿರುಗುಮುರುಗಾಗಿ, ಗಾಳಿಯೇ ದೇಹವನ್ನು ಕಾಯಿಸತೊಡಗುತ್ತದೆ. ಕಾದ ಬಂಡೆಗಳೂ ತಮ್ಮ ಪಾಲಿನ ಶಾಖವನ್ನು ಸೂಸುತ್ತವೆ. ಆಗ ಉಳಿಯುವ ದಾರಿ ಒಂದೇ: ಬೆವರು ಆವಿಯಾಗುವುದು. ನೀರು ಆವಿಯಾಗುವಾಗ ತನಗೆ ಬೇಕಾದ ಗುಪ್ತೋಷ್ಣವನ್ನು ಚರ್ಮದಿಂದಲೇ ಸೆಳೆದುಕೊಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಇದೇ ತತ್ತ್ವದಿಂದ.

ಇದನ್ನು 1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯನೂ ಅವನ ಸಂಗಡಿಗರೂ ತಮ್ಮ ಮೈಯ ಮೇಲೆಯೇ ಪರೀಕ್ಷಿಸಿದರು. ಕುದಿಯುವ ನೀರಿಗಿಂತಲೂ ಬಿಸಿಯಾಗಿ ಕಾಯಿಸಿದ ಒಣಗಾಳಿಯ ಕೋಣೆಯಲ್ಲಿ ಅವರು ಕೆಲವು ನಿಮಿಷ ನಿಂತು ಕ್ಷೇಮವಾಗಿ ಹೊರಬಂದರು. ಅದೇ ಕೋಣೆಯಲ್ಲಿಟ್ಟ ಮೊಟ್ಟೆ, ಮಾಂಸಗಳು ಬೆಂದುಹೋದುವು. ಅಲ್ಲಿಟ್ಟ ಎರಡು ಪಾತ್ರೆಗಳ ನೀರಿನಲ್ಲಿ ಮೇಲೆ ಎಣ್ಣೆಯ ಪೊರೆಯಿದ್ದದ್ದು ಕುದಿಯಿತು, ತೆರೆದಿದ್ದದ್ದು ಕುದಿಯಲಿಲ್ಲ. ಎಣ್ಣೆಯು ಆವಿಯನ್ನು ತಡೆದದ್ದೇ ಆ ವ್ಯತ್ಯಾಸಕ್ಕೆ ಕಾರಣ. ಮನುಷ್ಯನನ್ನು ಉಳಿಸಿದ್ದು ಬೆವರಿನ ಆವಿ.

ಒಣನಾಡಿನ ಮೋಸ

ಕರಾವಳಿಯಲ್ಲಿ ನಡೆದವನ ಅಂಗಿ ತೊಯ್ದು ತೊಪ್ಪೆಯಾಗುತ್ತದೆ. ಅಲ್ಲಿನ ತೇವದ ಗಾಳಿ ಬೆವರನ್ನು ಬೇಗ ಹೀರಲಾರದು. ಒಣನಾಡಿನ ಗಾಳಿಯಾದರೋ ಬೆವರು ಮೂಡಿದ ಕೂಡಲೆ ಅದನ್ನು ಹೀರಿಬಿಡುತ್ತದೆ. ಮೈ ಒಣಗಿರುತ್ತದೆ; ತಾನು ಬೆವರುತ್ತಲೇ ಇಲ್ಲವೆಂದು ನಡೆಯುವವನು ನಂಬುತ್ತಾನೆ. ಅಂಗಿಯ ಮೇಲೆ ಮೂಡಿದ ಉಪ್ಪಿನ ಬಿಳಿಗೆರೆಗಳು ಮಾತ್ರ ನಿಜವನ್ನು ಹೇಳುತ್ತವೆ. ಬಿಸಿಲಿನಲ್ಲಿ ಏರುವವನು ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಬೆವರುವುದು ಸಾಮಾನ್ಯ. ಐದು ಗಂಟೆಯ ನಡಿಗೆಗೆ ಎರಡೂವರೆಯಿಂದ ಐದು ಲೀಟರ್! ನಮ್ಮ ವಿದ್ಯಾರ್ಥಿಯ ಒಂದು ಲೀಟರಿನ ಬಾಟಲಿಯನ್ನು ಇದರೊಡನೆ ಹೋಲಿಸಿ ನೋಡಿರಿ.

ದೇಹದ ತೂಕದ ನೂರಕ್ಕೆ ಎರಡು ಭಾಗ, ಅಂದರೆ ಈ ಹುಡುಗನಲ್ಲಿ 1.2 ಲೀಟರ್ ನೀರು ನಷ್ಟವಾದರೇ ನಡೆಯುವ ಶಕ್ತಿ ಕುಗ್ಗುತ್ತದೆ. ಸವಣೂರಿನ ಪ್ರಸಿದ್ಧವಾದ ಮೂರು ದೊಡ್ಡಹುಣಸೆ ಮರಗಳನ್ನು ನೀವು ನೋಡಿರಬಹುದು. ಆಫ್ರಿಕದ ಒಣನಾಡಿನ ಮೂಲದ ಆ ಮರ ತನ್ನ ಭಾರಿ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಬರಗಾಲದಲ್ಲಿ ಎಲೆಯುದುರಿಸಿ ಖರ್ಚನ್ನು ತಗ್ಗಿಸುತ್ತದೆ. ಮನುಷ್ಯನಿಗೆ ಅಂಥ ಉಗ್ರಾಣವಿಲ್ಲ. ಬೇಕಾದ ನೀರನ್ನು ಅವನು ಹೊತ್ತೇ ಒಯ್ಯಬೇಕು.

ನೆರಳೇ ಗಡಿಯಾರ

ಈ ನಾಲ್ಕು ಊರುಗಳು 14.4ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದೊಳಗಿವೆ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಸೂರ್ಯನು ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಆ ದಿನಗಳಲ್ಲಿ ನಿಜವಾದ ನಡುಹಗಲು ಗಡಿಯಾರದ ಸುಮಾರು 12 ಗಂಟೆ 25 ನಿಮಿಷಕ್ಕೆ ಆಗುತ್ತದೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರದು.

ನಿಮ್ಮ ನೆರಳು ನಿಮ್ಮಷ್ಟೇ ಉದ್ದವಿದ್ದರೆ ಸೂರ್ಯನು 45 ಡಿಗ್ರಿ ಎತ್ತರದಲ್ಲಿದ್ದಾನೆ. ಆ ದಿನಗಳಲ್ಲಿ ಬೆಳಿಗ್ಗೆ ಸುಮಾರು 9 ಗಂಟೆ 20 ನಿಮಿಷದಿಂದ ಮಧ್ಯಾಹ್ನ 3 ಗಂಟೆ 30 ನಿಮಿಷದವರೆಗೆ ನೆರಳು ಆಳಿಗಿಂತ ಗಿಡ್ಡ. ಇದರಿಂದ ಒಂದು ಸುಲಭವಾದ ನಿಯಮ ದೊರೆಯುತ್ತದೆ: ನೆರಳು ನಿಮಗಿಂತ ಗಿಡ್ಡವಾಗಿರುವಾಗ ಗುಡ್ಡ ಏರಬೇಡಿರಿ. ಆದರೆ ನೆರಳು ಉದ್ದವಾದ ಮಾತ್ರಕ್ಕೆ ತಂಪಾಯಿತೆಂದಲ್ಲ. ನಡುಹಗಲಿನ ನಂತರವೂ ನೆಲಕ್ಕೆ ಬರುವ ಶಾಖ ಹೋಗುವುದಕ್ಕಿಂತ ಹೆಚ್ಚಾಗಿಯೇ ಇರುವುದರಿಂದ ಗಾಳಿಯ ಉಷ್ಣತೆ ತುತ್ತತುದಿಗೆ ಮುಟ್ಟುವುದು ಎರಡು-ಮೂರು ಗಂಟೆಯ ಮೇಲೆ. ಎತ್ತರಕ್ಕೆ ಹೋದರೆ ತಂಪಾದೀತೆಂಬ ಆಸೆಯೂ ಇಲ್ಲಿ ಫಲಿಸದು. 300 ಮೀಟರಿಗೆ ಇಳಿಯುವ ಉಷ್ಣತೆ ಎರಡು-ಮೂರು ಡಿಗ್ರಿ ಮಾತ್ರ.

ಹಿಂದಿರುಗುವ ಹೊತ್ತು

ಅರ್ಧ ನೀರು ಮುಗಿದಾಗ ಹಿಂದಿರುಗಿದರಾಯಿತೆಂದು ಹಲವರು ಎಣಿಸುತ್ತಾರೆ. ಆದರೆ ಹೋಗುವುದು ಮುಂಜಾನೆಯ ತಂಪಿನಲ್ಲಿ, ಬರುವುದು ಏರಿದ ಬಿಸಿಲಿನಲ್ಲಿ. ಇಳಿಯುವಾಗ ಶ್ರಮ ಕಡಿಮೆಯೆನಿಸಿದರೂ, ಏರುವಾಗ ಗಳಿಸಿದ 42 ಕಿಲೋಕ್ಯಾಲರಿಯೂ ಕಾಲಿನ ಸ್ನಾಯುಗಳಲ್ಲಿ ಶಾಖವಾಗಿಯೇ ಮರಳುತ್ತದೆ. ಆದ್ದರಿಂದ ಮೂರರಲ್ಲೊಂದು ಪಾಲು ನೀರು ಮುಗಿದಾಗಲೇ, ತುದಿ ಕೂಗಳತೆಯಲ್ಲಿದ್ದರೂ, ತಿರುಗಬೇಕು. ಎರಡನೆಯ ಪಾಲು ದಾರಿಗೆ. ಮೂರನೆಯದು ದಾರಿ ತಪ್ಪಿದರೆ, ಕಾಲು ಉಳುಕಿದರೆ.

ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಮಿತಿಮೀರಿ ಕುಡಿಯುವುದೂ ಸರಿಯಲ್ಲ. ಉಪ್ಪು ಹಾಕಿದ ಮಜ್ಜಿಗೆ, ರೊಟ್ಟಿ, ಉಪ್ಪಿನಕಾಯಿಗಳ ಬುತ್ತಿ ಹಿತಕರ. ಮೈಮುಚ್ಚುವ ತಿಳಿಬಣ್ಣದ ಸಡಿಲ ಅಂಗಿ, ತಲೆಗೆ ವಸ್ತ್ರ ಇರಲಿ. ಬಿಸಿಲಿಗೆ ದೇಹ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ ಮೊದಲ ದಿನವೇ ದೊಡ್ಡ ಗುಡ್ಡಕ್ಕೆ ಹೋಗದಿರಿ. ವನ್ಯಜೀವಿಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಒಣಹುಲ್ಲಿಗೆ ಒಂದು ಕಿಡಿ ಸಾಕಾದುದರಿಂದ ಬೆಂಕಿ ಹೊತ್ತಿಸಲೇಬಾರದು. ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿದೊಡನೆ ಬೋಳುನೆತ್ತಿಯಿಂದ ಕೆಳಗಿಳಿಯಬೇಕು.

ಸಂಗಡಿಗನಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ನೆರಳಿನಲ್ಲಿ ಕೂರಿಸಿ, ನೀರು ಕೊಡಿರಿ. ಅವನ ಮಾತು ತೊದಲಿದರೆ, ಅಸಂಬದ್ಧವಾಗಿ ನಡೆದುಕೊಂಡರೆ, ಎಚ್ಚರ ತಪ್ಪಿದರೆ ಅದು ಶಾಖಾಘಾತ, ಪ್ರಾಣಕ್ಕೇ ಅಪಾಯ. ಆಗ ಬಾಯಿಗೆ ನೀರು ಹಾಕದೆ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ನೀರು ಸುರಿದು ಬೀಸುವುದೆಂದರೆ ಸೋತುಹೋದ ಬೆವರಿನ ಕೆಲಸವನ್ನು ನಾವು ಮಾಡಿದಂತೆ.

ಕೊನೆಯದಾಗಿ, ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆಯಿರಿ. ನಡುವೆ ಏನನ್ನೂ ಕುಡಿಯಬೇಡಿರಿ. ಹೊರಡುವ ಮೊದಲೂ ಬಂದ ಮೇಲೆ ಮೈ ಒರಸಿಕೊಂಡೂ, ಒಂದೇ ತೆಳುಬಟ್ಟೆಯಲ್ಲಿ, ತೂಕ ನೋಡಿರಿ. ಕಡಿಮೆಯಾದ ಪ್ರತಿಯೊಂದು ಕಿಲೋಗ್ರಾಮಿಗೂ ಒಂದು ಲೀಟರ್ ನೀರು. ಆ ಸಂಖ್ಯೆಯನ್ನು ನಡಿಗೆಯ ಗಂಟೆಗಳಿಂದ ಗುಣಿಸಿ, ಗುಡ್ಡದ ಬಿಸಿಲಿಗಾಗಿ ಇನ್ನಷ್ಟು ಸೇರಿಸಿರಿ. ಚೀಲದಲ್ಲಿ ಎಷ್ಟು ಬಾಟಲಿಗಳಿರಬೇಕೆಂಬುದು ನಿಮಗೆ ತಿಳಿಯುತ್ತದೆ.