ಮತ್ಸ್ಯನ್ಯಾಯ: ರಾಜ್ಯ ಏಕೆ ಬೇಕು?

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಸ್ಥಿತಿಯೇ ಮತ್ಸ್ಯನ್ಯಾಯ. ದಂಡಶಕ್ತಿ (ಶಿಕ್ಷಿಸುವ ಅಧಿಕಾರ) ಇಲ್ಲದೆಡೆ ಬಲಿಷ್ಠರು ದುರ್ಬಲರನ್ನು ನುಂಗುತ್ತಾರೆ ಎಂಬುದು ‘ಅರ್ಥಶಾಸ್ತ್ರ’ದ ಕರ್ತೃ ಕೌಟಿಲ್ಯನ ವಾದ. ಅರ್ಥಶಾಸ್ತ್ರ ಹೇಳುವಂತೆ, ಇದರಿಂದ ಬೇಸತ್ತ ಜನ ಮನುವನ್ನು ರಾಜನಾಗಿಸಿ, ಧಾನ್ಯದಲ್ಲಿ 1/6, ಸರಕಿನಲ್ಲಿ 1/10 ಪಾಲು ಕೊಡಲು ಒಪ್ಪಿದರು. ಪ್ರತಿಯಾಗಿ ಅವರ ಯೋಗಕ್ಷೇಮ ರಾಜನ ಹೊಣೆ. ಹಾಗಾಗಿ ತೆರಿಗೆ ಎಂಬುದು ರಕ್ಷಣೆಯ ಕೂಲಿ. (ಇದೂ ಒಂದು ಬಗೆಯ ಸಾಮಾಜಿಕ ಒಪ್ಪಂದವೇ. ಆ ವಿಷಯ ಬಂದೊಡನೆ ಉತ್ತರದಲ್ಲಿ ಹಾಬ್ಸ್, ಲಾಕ್, ರೂಸೋ ಮೂವರನ್ನಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ, ಹಾಬ್ಸ್‌ನ ‘ಲೆವಿಯಾಥನ್’ ಬಂದದ್ದು ಅರ್ಥಶಾಸ್ತ್ರದ ಎಷ್ಟೋ ನಂತರ, 1651ರಲ್ಲಿ.)

ಇತಿಹಾಸದ ನಿದರ್ಶನ: ರಾಜ ಶಶಾಂಕನ ನಂತರ ಅರಾಜಕತೆಗೆ ಬಿದ್ದ ಬಂಗಾಳದಲ್ಲಿ ಸುಮಾರು ಕ್ರಿ.ಶ. 750ರಲ್ಲಿ ಗೋಪಾಲ ಪಾಲವಂಶ ಸ್ಥಾಪಿಸಿದ. ಮತ್ಸ್ಯನ್ಯಾಯ ನೀಗಲೆಂದೇ ಅವನನ್ನು ಆರಿಸಲಾಯಿತು ಎನ್ನುತ್ತದೆ ಧರ್ಮಪಾಲನ ಖಾಲಿಂಪುರ ತಾಮ್ರಶಾಸನ. ಆರಿಸಿದವರು ಪ್ರಜೆಗಳೋ ಸಾಮಂತರೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಪರೀಕ್ಷೆಯಲ್ಲಿ ಪದೇ ಪದೇ ಕೇಳುವ ಅಂಶ: ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನಲ್ಲಿ ಬೆಳಕಿಗೆ ತಂದವರು ಆರ್. ಶಾಮಶಾಸ್ತ್ರಿ, ಮುದ್ರಣ 1909.