ಒಂದು ಲಕ್ಷ ವ್ಯೂಸ್, ಐವತ್ತೊಂಬತ್ತು ಬಿಲ್

ನ್ಯಾಮತಿಯಲ್ಲಿ ನನ್ನ ತಮ್ಮನದೊಂದು ಅಂಗಡಿಯಿದೆ. ಪಿವಿಸಿ ಪೈಪು, ಮೋಟಾರು, ಸ್ಪ್ರಿಂಕ್ಲರ್ ಸಾಮಾನು ಮಾರುತ್ತಾನೆ. ಲೆಕ್ಕ ಬರೆಯುವವನು ನಾನು. ಹೋದ ಯುಗಾದಿಯ ಹೊತ್ತಿಗೆ ಅವನು ದಾವಣಗೆರೆ ಜಿಲ್ಲೆಯ ಒಂದು ಸುದ್ದಿ ವೆಬ್‌ಸೈಟಿಗೆ 28,320 ರೂಪಾಯಿ ಕಟ್ಟಿದ. 24,000ಕ್ಕೆ ಶೇ 18ರ ಜಿಎಸ್‌ಟಿ ಸೇರಿ ಅಷ್ಟಾಯಿತು. ಅದು ವರ್ಷದ ಪ್ಯಾಕೇಜು. ಮುಖಪುಟದಲ್ಲೊಂದು ಬ್ಯಾನರು, ಹಬ್ಬ ಹಬ್ಬಕ್ಕೆ ಶುಭಾಶಯ, ‘ಯುವ ಉದ್ಯಮಿಯ ಯಶೋಗಾಥೆ’ ಎಂಬ ಲೇಖನ, ಆ ಲೇಖನದ ಲಿಂಕು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ. ತಿಂಗಳಿಗೆ ಒಂದು ಲಕ್ಷ ವ್ಯೂಸ್ ಎಂದು ಹೇಳಿದ್ದರು. ಅಷ್ಟು ಜನ ನೋಡಿರಬಹುದು, ನಾನು ಅನುಮಾನಪಡುವುದಿಲ್ಲ. ಆದರೆ ಅಂಗಡಿ ನಡೆಯುವುದು ವ್ಯೂಸ್‌ನಿಂದಲ್ಲ, ಬಿಲ್ಲಿನಿಂದ.

ಲೆಕ್ಕ ಹಾಕೋಣ. ನಮ್ಮ ಅಂಗಡಿ ಜಿಎಸ್‌ಟಿಯ ಕಾಂಪೊಸಿಷನ್‌ನಲ್ಲಿದೆ, ಕಟ್ಟಿದ ತೆರಿಗೆ ವಾಪಸು ಸಿಗುವ ಐಟಿಸಿ ಇಲ್ಲ. ತೆರಿಗೆಯಾಗಿ ಹೋದ 4,320 ರೂಪಾಯಿ ಹೋದದ್ದೇ. ನೂರು ರೂಪಾಯಿ ವ್ಯಾಪಾರದಲ್ಲಿ ಮಾಲಿನ ಅಸಲು, ಲಾರಿ ಬಾಡಿಗೆ, ಶೇ 1ರ ತೆರಿಗೆ, ಉದ್ರಿಯ ಬಡ್ಡಿ ಕಳೆದರೆ ಕೈಯಲ್ಲಿ ಉಳಿಯುವುದು 8 ರೂಪಾಯಿ. ಅಂಗಡಿಯ ಬಾಡಿಗೆ, ಹುಡುಗನ ಸಂಬಳ ಜಾಹೀರಾತು ಕೊಟ್ಟರೂ ಕೊಡದಿದ್ದರೂ ಇದ್ದದ್ದೇ, ಅವನ್ನು ಇಲ್ಲಿಗೆ ತರುವುದು ಬೇಡ. ಎಂಟೆಂಟು ರೂಪಾಯಿ ಸೇರಿ 28,320 ಆಗಬೇಕಾದರೆ 3,54,000 ರೂಪಾಯಿ ವ್ಯಾಪಾರ ಆಗಬೇಕು. ನಮ್ಮಲ್ಲಿ ಒಂದು ಬಿಲ್ಲು ಸರಾಸರಿ 6,000. ಅಲ್ಲಿಗೆ 59 ಬಿಲ್ಲು. ಅದೂ ಹೊಸ ಗಿರಾಕಿಯ ಬಿಲ್ಲಾಗಿರಬೇಕು. ಹೇಗೂ ನಮ್ಮಲ್ಲಿಗೇ ಬರುತ್ತಿದ್ದ ಹಳೆಯ ರೈತ ಬ್ಯಾನರು ನೋಡಿ ‘ನಿಮ್ಮದು ಬಂದಿತ್ತಲ್ಲ’ ಎಂದರೆ ಅದನ್ನು ಇದರಲ್ಲಿ ಎಣಿಸುವಂತಿಲ್ಲ. ಐವತ್ತೊಂಬತ್ತು ಜನ ಬಂದ ಮೇಲೂ ಲಾಭ ಸೊನ್ನೆ. ಲಾಭದ ಮೊದಲ ರೂಪಾಯಿ ಅರವತ್ತನೆಯವನಿಂದ. ರೆಗ್ಯುಲರ್ ಡೀಲರಾಗಿದ್ದು ಐಟಿಸಿ ಪಡೆಯುವವರಿಗೆ ಇದು 50 ಬಿಲ್ಲಿಗೆ ಇಳಿಯುತ್ತದೆ.

ಎಲ್ಲಿ ನೋಡಿ ಬಂದಿರಿ ಎಂದು ಹೊಸಬರನ್ನೆಲ್ಲ ಕೇಳಿ ಬರೆದಿಡಲು ಹುಡುಗನಿಗೆ ಹೇಳಿದ್ದೆ. ಹೆಚ್ಚಿನವರು ಹೇಳಿದ್ದು ಮೋಟಾರು ರಿಪೇರಿಯವನ ಹೆಸರು, ಬೋರ್ ಫಿಟ್ಟರ್ ಹೆಸರು, ಇಲ್ಲವೇ ನೆಂಟರ ಹೆಸರು. ವೆಬ್‌ಸೈಟು ನೋಡಿ ಬಂದವರು ಬೆರಳೆಣಿಕೆಯಷ್ಟು. ತಮ್ಮ ಮಾತ್ರ ‘ಅಣ್ಣ, ಹೆಸರಾದ್ರೂ ಆಯ್ತಲ್ಲ’ ಅಂದ. ಹೆಸರಿಗೆ ಬೆಲೆ ಇದೆ, ಒಪ್ಪುತ್ತೇನೆ. ಆದರೆ ಯಾವ ಊರಿನಲ್ಲಿ ಹೆಸರಾಯಿತು ಎಂದೂ ನೋಡಬೇಕಲ್ಲ.

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ತಾಲ್ಲೂಕಾದದ್ದು 2018ರಲ್ಲಿ. ಕಚೇರಿಗಳು ಬದಲಾದವು, ಸಾಮಾನಿಗೆ ಹೋಗುವ ದಾರಿ ಅಷ್ಟಾಗಿ ಬದಲಾಗಲಿಲ್ಲ. ನ್ಯಾಮತಿಯವರಿಗೆ ಇಂದಿಗೂ ಹತ್ತಿರದ ದೊಡ್ಡ ಪೇಟೆ ಶಿವಮೊಗ್ಗ. ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗುತ್ತಾರೆ. ಜಗಳೂರಿನ ಮೆಕ್ಕೆಜೋಳದ ರೈತ ದಾವಣಗೆರೆಯನ್ನೂ ಹೊನ್ನಾಳಿಯನ್ನೂ ದಾಟಿಕೊಂಡು ಪೈಪು ತರಲು ನ್ಯಾಮತಿಗೆ ಬರುವುದಿಲ್ಲ. ವೆಬ್‌ಸೈಟು ಮಾರುವುದು ಇಡೀ ಜಿಲ್ಲೆಯನ್ನು, ನಮಗೆ ಬೇಕಾದದ್ದು ನ್ಯಾಮತಿ ಮತ್ತು ಹೊನ್ನಾಳಿಯ ಒಂದು ಭಾಗ. ಉಳಿದ ವ್ಯೂಸ್‌ಗೂ ನಾವೇ ಹಣ ಕಟ್ಟಿದ್ದೇವೆ.

ಇಂಥ ವೆಬ್‌ಸೈಟುಗಳಲ್ಲಿ ರೈತರು ತಪ್ಪದೆ ತೆರೆಯುವ ಪುಟಗಳಿವೆ. ಚನ್ನಗಿರಿಯ ರಾಶಿ ಅಡಿಕೆ ಧಾರಣೆ ಒಂದು. ಭದ್ರಾ ಜಲಾಶಯದ ಮಟ್ಟ ಇನ್ನೊಂದು. ಪೂರ್ಣ ಮಟ್ಟ 186 ಅಡಿ, ಇವತ್ತು ಎಷ್ಟಿದೆ, ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂದು ನೋಡುವವನೇ ನಮ್ಮ ಗಿರಾಕಿ. 2024ರ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ತೋಟ ಉಳಿಸಿಕೊಂಡರು. ಪೈಪು, ಮೋಟಾರಿನ ವ್ಯಾಪಾರ ಇರುವುದು ಆ ತಿಂಗಳುಗಳಲ್ಲೇ, ಅಡಿಕೆ ಫಸಲಿನ ಖೇಣಿ ಗುತ್ತಿಗೆಯ ಹಣ ಕೈಸೇರಿ ತೋಟ ಒಣಗಲು ಶುರುವಾದಾಗ. ಜನವರಿಯಿಂದ ಮೇವರೆಗೆ ಧಾರಣೆ ಪುಟದ ಪಕ್ಕ ಒಂದು ಸಣ್ಣ ಜಾಗ ಕೊಡಿ ಎಂದು ಕೇಳಿದ್ದರೆ ಅಗ್ಗಕ್ಕೆ ಸಿಗುತ್ತಿತ್ತು. ಮುಖಪುಟದ ಬ್ಯಾನರಿನ ಕೆಳಗೆ ಇರುತ್ತಿದ್ದದ್ದು ಅಪಘಾತ, ಕಳ್ಳತನ, ರಾಜಕೀಯ.

ಶುಭಾಶಯದ ಜಾಹೀರಾತಿನ ಬಗ್ಗೆ ನನಗೆ ತಾಳ್ಮೆಯೇ ಇಲ್ಲ. ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಶಾಸಕರ ಹುಟ್ಟುಹಬ್ಬ: ಅಂಗಡಿಯವನ ಫೋಟೊ, ಮೇಲೆ ನಾಯಕರ ಫೋಟೊ. ಏನು ಮಾರುತ್ತಾನೆ, ಎಷ್ಟಕ್ಕೆ, ಅಂಗಡಿ ಎಲ್ಲಿ, ಒಂದೂ ಇಲ್ಲ. ಚುನಾವಣೆಗೆ ನಿಲ್ಲುವವರ ಲೆಕ್ಕ ಬೇರೆ ಇರಬಹುದು. ಪೈಪು ಮಾರುವವನಿಗೆ ಅದು ದಂಡದ ಖರ್ಚು.

ಅದಕ್ಕಿಂತ ಕೆಟ್ಟದ್ದು ದುಡ್ಡು ಕೊಟ್ಟು ಬರೆಸಿದ ಯಶೋಗಾಥೆ. ಸುದ್ದಿಯ ವೇಷದಲ್ಲಿ ಬರುತ್ತದೆ, ಜಾಹೀರಾತು ಎಂದು ಎಲ್ಲೂ ಬರೆದಿರುವುದಿಲ್ಲ. ಹೊಗಳುವವರಿಗೂ ಹೊಗಳಿಸಿಕೊಳ್ಳುವವರಿಗೂ ನಡುವೆ ಹಣದ ನಂಟಿದ್ದರೆ ಅದನ್ನು ತಿಳಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಕಾನೂನು ಹಾಗಿರಲಿ. ಸಣ್ಣ ಊರಿನಲ್ಲಿ ಯಾರು ಎಷ್ಟು ಕೊಟ್ಟು ಬರೆಸಿಕೊಂಡರು ಎಂಬುದು ಎರಡು ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಅದೇ ವೆಬ್‌ಸೈಟು ತಾಲ್ಲೂಕು ಕಚೇರಿಯ ಲಂಚದ ಬಗ್ಗೆ ನಿಜವನ್ನೇ ಬರೆದರೂ ‘ಇದಕ್ಕೆ ಯಾರು ಕೊಟ್ಟಿರಬಹುದು’ ಎಂದು ಜನ ಕೇಳುತ್ತಾರೆ. ಬಿಸಿಲಲ್ಲಿ ಬೈಕಿನಲ್ಲಿ ಸುತ್ತಿ ಸುದ್ದಿ ತರುವ ಹುಡುಗರಿಗೆ ಇದರಿಂದ ಆಗುವ ಅನ್ಯಾಯ ದೊಡ್ಡದು. ಅವರು ತರುವ ಸುದ್ದಿಯನ್ನು ಓದುಗ ನಂಬುತ್ತಾನೆಂದೇ ಅದರ ಪಕ್ಕದ ಜಾಗಕ್ಕೆ ನಾವು ಹಣ ಕೊಡುತ್ತಿರುವುದು.

ಜಾಹೀರಾತು ಕೊಡುವ ಅಂಗಡಿಯವರು ಕೆಲವು ಅಭ್ಯಾಸಗಳನ್ನು ಬೆಳೆಸಿಕೊಳ್ಳಬೇಕು. ಜಾಹೀರಾತಿಗೆಂದೇ ಬೇರೆ ಮೊಬೈಲ್ ನಂಬರು ಇಡಿ. ಕರೆ ಎಲ್ಲಿಂದ ಬಂತೆಂದು ಊಹಿಸುವ ಕಷ್ಟವಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ಸಮಯ, ಫೋಟೊ ಹಾಕಲು ಹಣ ಬೇಕಿಲ್ಲ, ಮೊದಲು ಅದನ್ನು ಮಾಡಿ. ಪತ್ರಿಕೆಯಲ್ಲಿ ಅಚ್ಚಾಗುವ ಜಾಹೀರಾತಿಗೆ ಜಿಎಸ್‌ಟಿ ಶೇ 5, ವೆಬ್‌ಸೈಟಿಗೆ ಶೇ 18. ದರ ಹೋಲಿಸುವಾಗ ತೆರಿಗೆ ಸೇರಿಸಿ ಹೋಲಿಸಿ. ದಿನದ ಗಲ್ಲಾ ಲೆಕ್ಕ ಬರೆಯದವರು ಜಾಹೀರಾತಿಗೆ ಕೈ ಹಾಕಲೇಬೇಡಿ, ಅದು ಫಲ ಕೊಟ್ಟಿತೋ ಇಲ್ಲವೋ ನಿಮಗೆ ಎಂದಿಗೂ ತಿಳಿಯುವುದಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೆ: ಊರಿನ ಸುದ್ದಿ ವೆಬ್‌ಸೈಟಿಗೆ ಜಾಹೀರಾತು ಕೊಡಿ, ಆದರೆ ವರ್ಷಕ್ಕಲ್ಲ, ನಿಮ್ಮ ಸೀಸನ್ನಿಗೆ. ಬಿಲ್ಲು ಪಡೆದು ಕೊಡಿ, ‘ಜಾಹೀರಾತು’ ಎಂದು ಕಾಣುವಂತೆ ಹಾಕಿಸಿ.