ಔಟ್‌ಪುಟ್‌ನಿಂದ ಒಳಬಂದ 48 ವೋಲ್ಟ್: ಧಾರಕದ ಪಾಠದಲ್ಲಿ ಒಂದು ಅನುಭವ

‘ಧಾರಕವು ನೇರ ವಿದ್ಯುತ್ತನ್ನು ತಡೆಯುತ್ತದೆ, ಪರ್ಯಾಯ ವಿದ್ಯುತ್ತನ್ನು ಬಿಡುತ್ತದೆ.’ ದ್ವಿತೀಯ ಪಿಯುಸಿ ಮಕ್ಕಳು ಈ ವಾಕ್ಯವನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಇದು ಎಲ್ಲಿ ಬೇಕಾಗುತ್ತದೆ ಎಂದು ಕೇಳಿದರೆ ತರಗತಿ ಮೌನ. ಅದಕ್ಕೇ ನನ್ನ ಬೋಧನಾಭ್ಯಾಸದ ಪಾಠಕ್ಕೆ ರಸಮಂಜರಿ ವೇದಿಕೆಯ ಸನ್ನಿವೇಶವೊಂದನ್ನು ಆರಿಸಿಕೊಂಡೆ. ನನ್ನ ಅಣ್ಣ ಬೇಸ್ ಗಿಟಾರ್ ನುಡಿಸುತ್ತಾನೆ. ಒಂದು ಕಾರ್ಯಕ್ರಮದಲ್ಲಿ ಅವನ ಹಳೆಯ ಬೇಸ್ ಆಂಪ್ಲಿಫೈಯರ್‌ನಿಂದ ಮಿಕ್ಸರ್‌ಗೆ ಹೋಗುವ ಔಟ್‌ಪುಟ್ ಕರಕರ ಎಂದು ಕೆಟ್ಟುಹೋಯಿತು. ಕಾರಣ ಫ್ಯಾಂಟಮ್ ಪವರ್.

ಕಂಡೆನ್ಸರ್ ಮೈಕ್‌ಗೆ ಬೇಕಾದ ವಿದ್ಯುತ್ತನ್ನು ಮಿಕ್ಸರ್ ಅದೇ ಕೇಬಲ್‌ನಲ್ಲಿ ಕಳಿಸುತ್ತದೆ. 48 ವೋಲ್ಟ್ ನೇರ ವಿದ್ಯುತ್, 2 ಮತ್ತು 3ನೇ ಪಿನ್‌ಗಳಿಗೆ ತಲಾ 6.8 ಕಿಲೋಓಮ್ ರೋಧಕದ ಮೂಲಕ ಹೋಗಿ 1ನೇ ಪಿನ್‌ನಲ್ಲಿ ಹಿಂದಿರುಗುತ್ತದೆ. ಹಲವು ಸಣ್ಣ ಮಿಕ್ಸರ್‌ಗಳಲ್ಲಿ ಎಲ್ಲ ಚಾನೆಲ್‌ಗಳಿಗೂ ಒಂದೇ ಸ್ವಿಚ್. ಹಾಡುವವರ ಮೈಕಿಗೆಂದು ಒತ್ತಿದ್ದು ಬೇಸ್‌ನ ಕೇಬಲ್‌ಗೂ ಹೋಗುತ್ತದೆ.

ಮೊದಲ ದಿನ ಕಪ್ಪುಹಲಗೆಯ ಮೇಲೆ ಎರಡೂ ತಂತಿಗಳಲ್ಲಿ ಒಂದೊಂದು ಧಾರಕ ಬರೆದು, ‘ಇದು ತಡೆಯುತ್ತದೆ’ ಎಂದು ಮುಗಿಸಿದೆ. ಎಲ್ಲರೂ ತಲೆಯಾಡಿಸಿದರು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಮೇಡಂ, 25 ವೋಲ್ಟ್‌ನ ಧಾರಕ ಸಾಕಲ್ವಾ? ಆಂಪ್ಲಿಫೈಯರ್ ಒಳಗೆ ಇರೋದೇ 15 ವೋಲ್ಟ್ ಅಂದ್ರಲ್ಲ” ಎಂದ. ಅಣ್ಣನ ಆಂಪ್ಲಿಫೈಯರ್‌ನಲ್ಲಿ ಹಾಳಾಗಿದ್ದುದೂ 25 ವೋಲ್ಟ್‌ನ ಧಾರಕವೇ! ನನ್ನ ಪಾಠ ಎಲ್ಲಿ ಸೋತಿದೆ ಎಂದು ಆಗ ತಿಳಿಯಿತು. ಔಟ್‌ಪುಟ್ ಎಂದರೆ ಹೊರಗೆ ಹೋಗುವುದು ಮಾತ್ರ ಎಂಬ ಕಲ್ಪನೆಯನ್ನು ನಾನು ಮುಟ್ಟಿಯೇ ಇರಲಿಲ್ಲ. ತಂತಿಗೆ ಒಳಗೆ, ಹೊರಗೆ ಎಂಬ ಭೇದವಿಲ್ಲ; ವಿಭವಾಂತರವಿದ್ದು ದಾರಿಯಿದ್ದರೆ ಪ್ರವಾಹ ಹರಿಯುತ್ತದೆ.

ಎರಡನೆಯ ದಿನ ಮಾತು ಕಡಿಮೆ ಮಾಡಿ ಬ್ರೆಡ್‌ಬೋರ್ಡ್ ತೆಗೆದುಕೊಂಡು ಹೋದೆ. 48ರ ಬದಲು 9 ವೋಲ್ಟ್ ಬ್ಯಾಟರಿ, ಎರಡು 6.8 ಕಿಲೋಓಮ್ ರೋಧಕಗಳು. ಎರಡು ‘ಪಿನ್’ಗಳ ನಡುವೆ ಮಲ್ಟಿಮೀಟರ್ ಸೊನ್ನೆ ತೋರಿಸಿತು, ಪಿನ್ ಮತ್ತು ಭೂಮಿಯ ನಡುವೆ 9 ವೋಲ್ಟ್. ಸಾಧಾರಣ ಡೈನಾಮಿಕ್ ಮೈಕ್‌ಗೆ ಇದರಿಂದ ತೊಂದರೆ ಏಕಿಲ್ಲ ಎಂಬುದನ್ನು ಒಬ್ಬ ಹುಡುಗಿ ತಾನಾಗಿಯೇ ಹೇಳಿದಳು. ಆಮೇಲೆ ಹಳೆಯ ಆಂಪ್ಲಿಫೈಯರ್‌ನ ಬದಲಾಗಿ ಪ್ರತಿ ಪಿನ್‌ನಿಂದ ಭೂಮಿಗೆ 1 ಕಿಲೋಓಮ್ ಜೋಡಿಸಿದೆವು. ಅದರ ಮೇಲೆ ಸುಮಾರು 1.15 ವೋಲ್ಟ್ ನಿಂತೇ ಇತ್ತು. ‘ಔಟ್‌ಪುಟ್’ನೊಳಗೆ ಪ್ರವಾಹ ಹರಿಯುತ್ತಿದೆ ಎಂದರ್ಥ. ನಡುವೆ 470 ಮೈಕ್ರೋಫ್ಯಾರಡ್ ಧಾರಕ ಸೇರಿಸಿದಾಗ ಅಂಕಿ ನಿಧಾನವಾಗಿ ಇಳಿದು ಸೊನ್ನೆಯ ಹತ್ತಿರ ಬಂತು. (ಇಷ್ಟು ದೊಡ್ಡದು ಬೇಕಾದದ್ದು ಕಣ್ಣಿಗೆ ಕಾಣಲೆಂದು. 47 ಆದರೆ ಮೀಟರ್ ನೋಡುವಷ್ಟರಲ್ಲಿ ಮುಗಿದಿರುತ್ತದೆ.)

ಈಗ ಧಾರಕದ ಎರಡು ತುದಿಗಳ ನಡುವೆ ಅಳೆಯಲು ಹೇಳಿದೆ. ಪೂರ್ತಿ 9 ವೋಲ್ಟ್! ಪ್ರವಾಹ ನಿಂತ ಮೇಲೆ ರೋಧಕಗಳಲ್ಲಿ ವಿಭವದ ಇಳಿಕೆಯೇ ಇಲ್ಲ. ಹಾಗಾದರೆ ನಿಜವಾದ ಮಿಕ್ಸರ್‌ನಲ್ಲಿ ಧಾರಕ 48 ವೋಲ್ಟ್ ಹೊರಬೇಕು. 25 ಸಾಲದು, 63 ವೋಲ್ಟ್‌ನದು ಬೇಕು, ಧನ ತುದಿ ಮಿಕ್ಸರ್ ಕಡೆಗಿರಬೇಕು. ನಿನ್ನೆಯ ಹುಡುಗನೇ ಎದ್ದು ಇದನ್ನು ಹೇಳಿದ.

ಧಾರಕದ ಗಾತ್ರಕ್ಕೆ ಲೆಕ್ಕ ಕೊಟ್ಟೆ. ಪ್ರತಿ ತಂತಿಗೆ 1 ಕಿಲೋಓಮ್ ಭಾರವೆಂದುಕೊಂಡರೆ 1 ಮೈಕ್ರೋಫ್ಯಾರಡ್‌ಗೆ ಕಡಿತದ ಆವೃತ್ತಿ ಸುಮಾರು 159 ಹರ್ಟ್ಸ್, 47ಕ್ಕೆ 3.4 ಹರ್ಟ್ಸ್. ಬೇಸ್ ಗಿಟಾರ್‌ನ ದಪ್ಪ ತಂತಿ ನುಡಿಯುವುದೇ 41 ಹರ್ಟ್ಸ್‌ನಲ್ಲಿ. ಸಣ್ಣ ಧಾರಕ ಆಂಪ್ಲಿಫೈಯರನ್ನು ಉಳಿಸುತ್ತದೆ, ಬೇಸನ್ನು ನುಂಗುತ್ತದೆ.

ಇದನ್ನು ಮಾಡಿನೋಡುವ ಪ್ರಶಿಕ್ಷಣಾರ್ಥಿಗಳು ತರಗತಿಯಲ್ಲಿ ನಿಜವಾದ ಆಂಪ್ಲಿಫೈಯರ್ ಬಿಚ್ಚಬಾರದು. ವಾಲ್ವ್ ಇರುವವುಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ವೇದಿಕೆಯಲ್ಲಿ ಹೊರಗಿನಿಂದಲೇ ಪರಿಹಾರವಿದೆ: ಫ್ಯಾಂಟಮ್ ಆರಿಸಿದ ಮೇಲೆ ಕೇಬಲ್ ಜೋಡಿಸುವುದು, ಇಲ್ಲವೇ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇಡುವುದು. ಅಣ್ಣ ಈಗ ಎರಡನೆಯದನ್ನೇ ಮಾಡುತ್ತಾನೆ.

“ಟ್ರಾನ್ಸ್‌ಫಾರ್ಮರ್‌ನಲ್ಲಿ ಇರೋದು ಬರೀ ತಂತಿ ಸುರುಳಿ, ಅದು ಹೇಗೆ ತಡೆಯುತ್ತೆ?” ಎಂದು ಗಂಟೆ ಹೊಡೆಯುವಾಗ ಯಾರೋ ಕೇಳಿದರು. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಯೋಜನೆಯನ್ನು ಆ ಪ್ರಶ್ನೆಯಿಂದಲೇ ಶುರುಮಾಡಿ ಬರೆದಿಟ್ಟಿದ್ದೇನೆ.